ಸ್ವಂತ ಬರಹಕ್ಕೆ ಕ್ರಿಪ್ಟೊ ಸಂಭಾವನೆ

ಬರಹ, ಚಿತ್ರ, ಹಾಡು, ವಿಡಿಯೊ ಮುಂತಾದ ಸ್ವಂತ ಕೃತಿಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವವರಿಗೆ ಬ್ಲಾಕ್‌ಚೈನ್ ಮೇಲೆ ನಡೆಯುವ ಟೋಕನ್‌ಗಳ ರೂಪದಲ್ಲಿ ಸಂಭಾವನೆ ಕೊಡುವ ವ್ಯವಸ್ಥೆ. ಪತ್ರಿಕೆಯ ಸಂಪಾದಕನಾಗಲಿ ಜಾಲತಾಣದ ಕಂಪನಿಯಾಗಲಿ ನಡುವೆ ಇಲ್ಲದೆ, ಮೊದಲೇ ಬರೆದಿಟ್ಟ ನಿಯಮಗಳ ಪ್ರಕಾರ ತಂತ್ರಾಂಶವೇ ಹಣ ಹಂಚಬೇಕೆಂಬುದು ಇದರ ಹಿಂದಿನ ಆಸೆ. 2013ರ ಸುಮಾರಿಗೆ ಕಾಣಿಕೆಯ ರೂಪದಲ್ಲಿ ಶುರುವಾದದ್ದು 2016ರಲ್ಲಿ ಸ್ಟೀಮ್ ಎಂಬ ಜಾಲದೊಂದಿಗೆ ಪೂರ್ಣ ಪ್ರಮಾಣದ ಪ್ರಯೋಗವಾಯಿತು. ಆಮೇಲೆ ಜಾಹೀರಾತಿನ ಪಾಲು, ಎನ್‌ಎಫ್‌ಟಿ ಮಾರಾಟ, ಬಿಟ್‌ಕಾಯಿನ್ನಿನ ಕಿರುಪಾವತಿ ಮುಂತಾದ ಬೇರೆ ದಾರಿಗಳೂ ತೆರೆದುಕೊಂಡವು. ಹಣ ತಲುಪಿಸುವ ತೊಡಕನ್ನು ಈ ವ್ಯವಸ್ಥೆಗಳು ಬಹುಮಟ್ಟಿಗೆ ಬಿಡಿಸಿವೆ. ಯಾವ ಕೃತಿ ಸ್ವಂತದ್ದು, ಯಾವುದು ಯೋಗ್ಯ ಎಂದು ತೀರ್ಮಾನಿಸುವ ಕಡೆ ಮಾತ್ರ ಪದೇ ಪದೇ ಎಡವಿವೆ. ಸ್ಟೀಮ್‌ನ ಕಥೆಯಲ್ಲಿ ಇವೆರಡೂ ನಿಚ್ಚಳವಾಗಿ ಕಾಣುವುದರಿಂದ ಅದನ್ನು ಇಲ್ಲಿ ವಿಸ್ತಾರವಾಗಿ ಕೊಟ್ಟಿದೆ.

ಹಿನ್ನೆಲೆ

ಬಳಕೆದಾರರು ಬರೆದದ್ದನ್ನೇ ಬಂಡವಾಳ ಮಾಡಿಕೊಂಡ ಜಾಲತಾಣಗಳು ಈ ಶತಮಾನದ ಮೊದಲ ದಶಕದಲ್ಲಿ ಜಗತ್ತಿನಾದ್ಯಂತ ಹರಡಿದವು. ಜಾಹೀರಾತಿನ ಆದಾಯ ಕಂಪನಿಗೆ ಹೋಗುತ್ತಿತ್ತು, ಬರೆದವರಿಗೆ ಮೆಚ್ಚುಗೆಯ ಗುರುತುಗಳಷ್ಟೇ ಸಿಗುತ್ತಿದ್ದವು. ಯೂಟ್ಯೂಬ್ 2007ರಲ್ಲಿ ಆದಾಯ ಹಂಚಲು ತೊಡಗಿತಾದರೂ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಕಂಪನಿಯ ಕೈಯಲ್ಲೇ ಉಳಿಯಿತು. ಓದುಗನೇ ನೇರವಾಗಿ ಒಂದೆರಡು ರೂಪಾಯಿ ಕೊಡೋಣವೆಂದರೆ ಕಾರ್ಡ್ ಪಾವತಿಯ ಶುಲ್ಕ ಆ ಮೊತ್ತವನ್ನೇ ನುಂಗುತ್ತಿತ್ತು. ಸ್ವೀಡನ್ನಿನ ಪೀಟರ್ ಸುಂಡೆ ಮತ್ತು ಸಂಗಡಿಗರು 2010ರಲ್ಲಿ ತೆರೆದ ಫ್ಲಾಟರ್ ಇದಕ್ಕೊಂದು ಉಪಾಯ ಹೂಡಿತು. ಓದುಗ ತಿಂಗಳಿಗೊಮ್ಮೆ ಒಂದು ಮೊತ್ತ ಇಟ್ಟರೆ, ಅವನು ಆ ತಿಂಗಳು ಮೆಚ್ಚಿದ ಕೃತಿಗಳಿಗೆಲ್ಲ ಅದು ಸಮನಾಗಿ ಹಂಚಿಹೋಗುತ್ತಿತ್ತು. ಇದಕ್ಕೆ ಕ್ರಿಪ್ಟೊ ಬೇಕಿರಲಿಲ್ಲ. ಆದರೆ ಮುಂದಿನವರು ಕೇಳಿದ ಪ್ರಶ್ನೆಗಳೆಲ್ಲ ಇಲ್ಲೇ ಮೊಳೆತವು.

ಬಿಟ್‌ಕಾಯಿನ್ ಬಂದ ಮೇಲೆ ಚೇಂಜ್‌ಟಿಪ್ ಎಂಬ ಸೇವೆಯೂ, ರೆಡಿಟ್‌ನಲ್ಲಿ ಡೋಜ್‌ಕಾಯಿನ್ ಕಾಣಿಕೆ ಸಲ್ಲಿಸುವ ಬಾಟ್ ಕೂಡ ಜನಪ್ರಿಯವಾದವು. ಇವೆರಡೂ ಕ್ರಮವಾಗಿ 2016 ಮತ್ತು 2017ರಲ್ಲಿ ಮುಚ್ಚಿದವು. ಕಾಣಿಕೆ ಕೊಡುವವನ ಜೇಬಿನಿಂದಲೇ ಹಣ ಹೋಗಬೇಕಾದ್ದರಿಂದ ಉತ್ಸಾಹ ಬೇಗ ಬತ್ತುತ್ತದೆ ಎಂಬುದು ಆಗ ಕಂಡ ಸತ್ಯ. ಯಾರ ಜೇಬಿಗೂ ಕೈ ಹಾಕದೆ ಸಂಭಾವನೆ ಹುಟ್ಟಿಸಲು ಸಾಧ್ಯವೇ ಎಂಬ ಪ್ರಶ್ನೆಯಿಂದ ಸ್ಟೀಮ್ ಹುಟ್ಟಿತು.

ಸ್ಟೀಮ್

ಬಿಟ್‌ಶೇರ್ಸ್ ಜಾಲವನ್ನು ಕಟ್ಟಿದ್ದ ಡ್ಯಾನಿಯಲ್ ಲ್ಯಾರಿಮರ್ ಮತ್ತು ನೆಡ್ ಸ್ಕಾಟ್ ಸೇರಿ ಅಮೆರಿಕದಲ್ಲಿ ಸ್ಟೀಮಿಟ್ ಕಂಪನಿ ತೆರೆದರು. ಸ್ಟೀಮ್ ಬ್ಲಾಕ್‌ಚೈನ್ 2016ರ ಮಾರ್ಚ್ 24ರಂದು ಓಡತೊಡಗಿತು. ಕಂಪನಿ ನಡೆಸುತ್ತಿದ್ದ ಸ್ಟೀಮಿಟ್ ಜಾಲತಾಣ ಈ ಬ್ಲಾಕ್‌ಚೈನಿನ ಮುಖ್ಯ ಬಾಗಿಲು. ಬರಹ, ಪ್ರತಿಕ್ರಿಯೆ, ಮತ ಎಲ್ಲವೂ ಬ್ಲಾಕ್‌ಚೈನಿನಲ್ಲೇ ದಾಖಲಾಗುತ್ತಿದ್ದವು. ಮೂರು ಸೆಕೆಂಡಿಗೊಂದು ಬ್ಲಾಕ್ ಸೇರುತ್ತಿತ್ತು. ಬ್ಲಾಕ್ ಕಟ್ಟುವ ಹೊಣೆ ಟೋಕನ್ ಹೊಂದಿದವರು ಆರಿಸಿದ ವಿಟ್ನೆಸ್‌ಗಳದು. ಹೆಚ್ಚು ಮತ ಪಡೆದ 20 ಮಂದಿಗೆ ಕಾಯಂ ಸರದಿ, ಉಳಿದವರಿಗೆ ಪಾಳಿಯಲ್ಲಿ ಒಂದು ಸ್ಥಾನ. ವಹಿವಾಟಿಗೆ ಶುಲ್ಕವಿರಲಿಲ್ಲ.

ಸಂಭಾವನೆಯ ಮೂಲ ಹೊಸ ಟೋಕನ್‌ಗಳ ಸೃಷ್ಟಿ. ಪ್ರತಿದಿನ ಇಂತಿಷ್ಟು ಹೊಸ ಸ್ಟೀಮ್ ಹುಟ್ಟಿ ಒಂದು ನಿಧಿಗೆ ಸೇರುತ್ತಿತ್ತು. ಆ ನಿಧಿಯನ್ನು ಬಳಕೆದಾರರ ಮತಗಳು ಬರಹಗಳ ನಡುವೆ ಹಂಚುತ್ತಿದ್ದವು. ಮತದ ತೂಕ ಒಬ್ಬರಿಗೊಂದಲ್ಲ. ಮಾರದೆ ಬೀಗ ಹಾಕಿಟ್ಟ ಸ್ಟೀಮ್ ಎಷ್ಟಿದೆಯೋ ಅಷ್ಟು ತೂಕ. ಹೀಗೆ ಬೀಗ ಹಾಕಿದ ಹಿಡುವಳಿಗೆ ಸ್ಟೀಮ್ ಪವರ್ ಎಂದು ಹೆಸರು. ಮೊದಲಿಗೆ ಅದನ್ನು ಬಿಡಿಸಿಕೊಳ್ಳಲು 104 ವಾರ ಹಿಡಿಯುತ್ತಿತ್ತು, 2016ರ ಕೊನೆಯ ಬದಲಾವಣೆಯಲ್ಲಿ ಅದು 13 ವಾರಕ್ಕಿಳಿಯಿತು. ಲೇಖಕನ ಪಾಲಿನಲ್ಲಿ ಅರ್ಧ ಸ್ಟೀಮ್ ಪವರ್ ಆಗಿಯೂ, ಇನ್ನರ್ಧ ಒಂದು ಅಮೆರಿಕನ್ ಡಾಲರಿಗೆ ಹತ್ತಿರವಿರುವಂತೆ ರೂಪಿಸಿದ ಸ್ಟೀಮ್ ಡಾಲರ್ ಆಗಿಯೂ ಸಲ್ಲುತ್ತಿತ್ತು. ಒಳ್ಳೆಯ ಬರಹವನ್ನು ಮೊದಲೇ ಗುರುತಿಸಿ ಮತ ಹಾಕಿದವರಿಗೂ ಪಾಲಿತ್ತು. ಬಹುಕಾಲ ಲೇಖಕನಿಗೆ ಮುಕ್ಕಾಲು, ಮತದಾರರಿಗೆ ಕಾಲು ಎಂಬ ಲೆಕ್ಕ ನಡೆಯಿತು. ಬಿಟ್‌ಕಾಯಿನ್ ಯಂತ್ರದ ದುಡಿಮೆಗೆ ಕೊಡುವ ಬಹುಮಾನವನ್ನು ಇಲ್ಲಿ ಮನುಷ್ಯನ ಬುದ್ಧಿಗೆ ಕೊಡಲಾಗುತ್ತದೆ ಎಂಬ ಅರ್ಥದಲ್ಲಿ ಇದನ್ನು ಪ್ರೂಫ್ ಆಫ್ ಬ್ರೈನ್ ಎಂದು ಕರೆದರು.

ಮೊದಲ ಸಂಭಾವನೆ 2016ರ ಜುಲೈ 4ರಂದು ಕೈಸೇರಿತು. ಒಂದೇ ದಿನ ಒಟ್ಟು 10 ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಟೋಕನ್ ಹಂಚಿಕೆಯಾಗಿ, ಸುದ್ದಿ ಹಬ್ಬಿ, ಟೋಕನ್ ಬೆಲೆ ಹಲವು ಪಟ್ಟು ಏರಿತು. ಹತ್ತೇ ದಿನಗಳಲ್ಲಿ ಸುಮಾರು 260 ಖಾತೆಗಳಿಗೆ ಕನ್ನ ಬಿದ್ದು ಅಂದಾಜು 85,000 ಡಾಲರ್ ಬೆಲೆಯ ಟೋಕನ್‌ಗಳು ಕಳುವಾದವು. ಆದರೂ ಜನ ಬಂದರು. ಪ್ರವಾಸದ ಕಥನ, ಅಡುಗೆ, ಛಾಯಾಚಿತ್ರ, ಸಣ್ಣಕಥೆ, ತಂತ್ರಾಂಶದ ಪಾಠ ಎಲ್ಲವೂ ಅಲ್ಲಿ ತುಂಬಿತು. ಹಣದುಬ್ಬರದಿಂದ ನಲುಗಿದ್ದ ವೆನೆಜುವೇಲಾದಲ್ಲಿ ಅನೇಕರಿಗೆ ವಾರಕ್ಕೆ ಬರುತ್ತಿದ್ದ ಕೆಲವೇ ಡಾಲರುಗಳು ದಿನಸಿಗೆ ಆಸರೆಯಾದವು. ಈ ಪ್ರಯೋಗವನ್ನು ತೂಗುವಾಗ ಬೆಲೆಯ ಏರಿಳಿತವನ್ನಷ್ಟೇ ನೋಡಿದರೆ ಇದು ಕಣ್ತಪ್ಪುತ್ತದೆ. ಬ್ಯಾಂಕೂ ಕಾರ್ಡೂ ತಲುಪದ ಕಡೆ ಬರಹಗಾರನ ಕೈಗೆ ಹಣ ಮುಟ್ಟಿದ್ದು ನಿಜವಾದ ಸಾಧನೆ.

ಮತ ಮಾರಾಟದ ಪೇಟೆ

ಆರಂಭದ ನಿಯಮದಲ್ಲಿ ಸಂಭಾವನೆ ಮತದ ತೂಕದ ವರ್ಗಕ್ಕೆ ಅನುಗುಣವಾಗಿತ್ತು. ಹತ್ತು ಪಟ್ಟು ಹಿಡುವಳಿ ಇದ್ದವನ ಮಾತು ನೂರು ಪಟ್ಟು ನಡೆಯುತ್ತಿತ್ತು. ಎಲ್ಲರೂ ಮೆಚ್ಚಿದ ಕೆಲವೇ ಬರಹಗಳಿಗೆ ದೊಡ್ಡ ಬಹುಮಾನ ಸಲ್ಲಲೆಂಬುದು ಉದ್ದೇಶ. ಆದದ್ದು, ಬೆರಳೆಣಿಕೆಯ ದೊಡ್ಡ ಹಿಡುವಳಿದಾರರ ಮೆಚ್ಚುಗೆಯೇ ಸರ್ವಸ್ವವಾಯಿತು. ಇದನ್ನು ಸರಿಪಡಿಸಲು 2017ರ ಜೂನ್‌ನಲ್ಲಿ ನೇರ ಅನುಪಾತದ ಲೆಕ್ಕ ತಂದರು. ಪ್ರತಿ ಮತಕ್ಕೂ ಹಿಡುವಳಿಯಷ್ಟೇ ಬೆಲೆ ಬಂದಿತು, ದಿನಕ್ಕೆ ಪೂರ್ಣ ತೂಕದ ಹತ್ತು ಮತಗಳು ಸಿಕ್ಕವು. ಸಣ್ಣವರ ಮತಕ್ಕೂ ಕಿಮ್ಮತ್ತು ಬಂದಿತೆಂಬುದು ನಿಜ. ಆದರೆ ಈಗ ಮತವೊಂದು ಲೆಕ್ಕ ಹಾಕಬಹುದಾದ ಸರಕಾಯಿತು, ಬೆಲೆ ಗೊತ್ತಿರುವ ಸರಕು ಪೇಟೆಗೆ ಬಂದೇ ಬರುತ್ತದೆ.

ಬಿಡ್ ಬಾಟ್ ಎಂಬ ಸ್ವಯಂಚಾಲಿತ ಖಾತೆಗಳು ಹುಟ್ಟಿಕೊಂಡದ್ದು ಹೀಗೆ. ಅವುಗಳಿಗೆ ಒಂದಿಷ್ಟು ಸ್ಟೀಮ್ ಡಾಲರ್ ಕಳಿಸಿ ಬರಹದ ಕೊಂಡಿ ಕೊಟ್ಟರೆ, ಹೆಚ್ಚುಕಡಿಮೆ ಅಷ್ಟೇ ಬೆಲೆಯ ಮತ ಬೀಳುತ್ತಿತ್ತು. ದೊಡ್ಡ ಹಿಡುವಳಿದಾರರು ತಮ್ಮ ಸ್ಟೀಮ್ ಪವರನ್ನು ಬಾಟ್‌ಗಳಿಗೆ ಎರವಲು ಕೊಟ್ಟು, ಒಂದೇ ಒಂದು ಬರಹ ಓದದೆ ದಿನದಿನದ ಆದಾಯ ಪಡೆದರು. ತಾಣದ ಮೊದಲ ಪುಟದಲ್ಲಿ ಕಾಣುವ ಬರಹಗಳಲ್ಲಿ ಬಹುಪಾಲು ಮತ ಕೊಂಡವೇ ಆದವು. ತನಗೆ ತಾನೇ ಮತ ಹಾಕಿಕೊಳ್ಳುವುದು, ಗುಂಪು ಕಟ್ಟಿಕೊಂಡು ಪರಸ್ಪರ ಹಾಕಿಕೊಳ್ಳುವುದು ಮಾಮೂಲಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಚಾವೊ ಲಿ ಮತ್ತು ಬಾಲಾಜಿ ಪಳನಿಸ್ವಾಮಿ 2019ರಲ್ಲಿ ಪ್ರಕಟಿಸಿದ ಅಧ್ಯಯನ, ಸ್ಟೀಮಿಟ್‌ನ ಹಣ ವರ್ಗಾವಣೆಗಳಲ್ಲಿ ಶೇ 16ಕ್ಕೂ ಹೆಚ್ಚು ಬಾಟ್ ಎಂದು ಶಂಕಿಸಲಾದ ಖಾತೆಗಳಿಗೆ ಹೋಗಿದ್ದವೆಂದು ಕಂಡಿತು.

ಇದರಲ್ಲಿ ಯಾರೂ ನಿಯಮ ಮುರಿದಿರಲಿಲ್ಲ ಎಂಬುದು ಗಮನಾರ್ಹ. ಓದಿ ಮತ ಹಾಕುವುದು ಶ್ರಮದ ಕೆಲಸ, ಓದದೆ ಮತ ಮಾರುವುದು ಲಾಭದ ಕೆಲಸ. ಹಿಡುವಳಿಯೇ ತೀರ್ಪುಗಾರನಾದ ವ್ಯವಸ್ಥೆಯಲ್ಲಿ ಲೆಕ್ಕ ಬಲ್ಲವರು ಎರಡನೆಯದನ್ನೇ ಆರಿಸಿಕೊಂಡರು. 2019ರ ಆಗಸ್ಟ್‌ನ ಪರಿಷ್ಕರಣೆ ಇದನ್ನು ತಡೆಯಲು ಹೊರಟಿತು. ಲೇಖಕ ಮತ್ತು ಮತದಾರರ ಪಾಲು ಅರ್ಧರ್ಧವಾಯಿತು, ತೀರಾ ಕಡಿಮೆ ಮತ ಪಡೆದ ಬರಹಗಳ ಪಾಲು ತಗ್ಗಿತು, ಕೆಟ್ಟ ಬರಹವನ್ನು ಕೆಳಗಿಳಿಸುವ ಡೌನ್‌ವೋಟ್‌ಗೆ ಪ್ರತ್ಯೇಕ ಕೋಟಾ ಸಿಕ್ಕಿತು. ಡೌನ್‌ವೋಟ್ ಹಾಕಲು ಹೆದರಬೇಕಿಲ್ಲವೆಂದಾದ ಮೇಲೆ ಬಿಡ್ ಬಾಟ್‌ಗಳ ವ್ಯಾಪಾರ ನಿಜಕ್ಕೂ ಕುಸಿಯಿತು. ಅದರ ಬೆಲೆಯನ್ನು ತೆತ್ತವರು ಸಣ್ಣ ಲೇಖಕರು. ಒಂದೇ ಏಟಿಗೆ ಅವರ ಪಾಲು ಮುಕ್ಕಾಲಿನಿಂದ ಅರ್ಧಕ್ಕಿಳಿಯಿತು.

ಸ್ವಂತದ್ದು ಯಾವುದು?

ಬ್ಲಾಕ್‌ಚೈನ್ ಒಂದು ಪಠ್ಯ ಯಾವ ಕ್ಷಣದಲ್ಲಿ ದಾಖಲಾಯಿತೆಂದು ಅಳಿಸಲಾಗದಂತೆ ಹೇಳಬಲ್ಲದು. ಅದನ್ನು ಬರೆದವರು ಯಾರೆಂದು ಹೇಳಲಾರದು. ಬೇರೆ ತಾಣದ ಲೇಖನವನ್ನು ಎತ್ತಿ ತಂದು ಮೊದಲು ಹಾಕಿದವನೇ ದಾಖಲೆಯಲ್ಲಿ ಒಡೆಯ. ಹಣ ಸಿಗುವ ಕಡೆ ನಕಲೂ ಬರುತ್ತದೆ ಎಂಬುದು ಸ್ಟೀಮ್‌ನಲ್ಲಿ ಮೊದಲ ತಿಂಗಳಲ್ಲೇ ಕಂಡಿತು. ಚೀತಾ ಎಂಬ ಬಾಟ್ ಹೊಸ ಬರಹಗಳನ್ನು ಜಾಲದ ಇತರ ಪುಟಗಳೊಂದಿಗೆ ಹೋಲಿಸಿ, ಸಾಮ್ಯವಿದ್ದರೆ ಕೆಳಗೆ ಮೂಲದ ಕೊಂಡಿ ಹಾಕುತ್ತಿತ್ತು. ಸ್ಟೀಮ್‌ಕ್ಲೀನರ್ಸ್ ಎಂಬ ಸ್ವಯಂಸೇವಕರ ಗುಂಪು ದೂರುಗಳನ್ನು ಪರಿಶೀಲಿಸಿ ಕದ್ದ ಬರಹಗಳಿಗೆ ಡೌನ್‌ವೋಟ್ ಹಾಕುತ್ತಿತ್ತು. ಸ್ವಂತ ಸೃಷ್ಟಿಯ ಪರವಾಗಿ ಈ ಜಾಲದಲ್ಲಿ ನಡೆದ ಅತ್ಯುತ್ತಮ ಕೆಲಸ ಇದೇ ಎನ್ನಬಹುದು. ಅದನ್ನು ಮಾಡಿದ್ದು ಸಂಭಾವನೆಯ ಸೂತ್ರವಲ್ಲ, ಕಣ್ಣಿಟ್ಟು ಓದಿದ ಮನುಷ್ಯರು. ಬೇರೆ ಭಾಷೆಯಿಂದ ಅನುವಾದಿಸಿ ತಂದದ್ದನ್ನು ಹಿಡಿಯುವುದು ಬಾಟ್‌ಗೆ ಕಷ್ಟ, ಆ ಭಾಷೆ ಬಲ್ಲವನೇ ಬೇಕು. ಕೃತಕ ಬುದ್ಧಿಮತ್ತೆ ನಿಮಿಷದಲ್ಲಿ ಪುಟಗಟ್ಟಲೆ ಪಠ್ಯ ಸುರಿಯತೊಡಗಿದ ಮೇಲೆ ಈ ಕಾವಲು ಇನ್ನೂ ಕಠಿಣವಾಗಿದೆ. ಅಂಥ ಪಠ್ಯಕ್ಕೆ ಹೋಲಿಸಿ ತೋರಿಸಲು ಮೂಲವೇ ಇರುವುದಿಲ್ಲ.

ಸ್ವಾಧೀನ ಮತ್ತು ಹೈವ್

ಸ್ಟೀಮ್ ಬೆಲೆ 2018ರ ಜನವರಿಯಲ್ಲಿ 8 ಡಾಲರಿನ ಆಸುಪಾಸಿಗೆ ಏರಿ, ಅದೇ ವರ್ಷದ ಕೊನೆಗೆ ಅರ್ಧ ಡಾಲರಿಗೂ ಕೆಳಗೆ ಬಿದ್ದಿತು. ಒಂದು ಡಾಲರಿಗೆ ನಿಲ್ಲಬೇಕಿದ್ದ ಸ್ಟೀಮ್ ಡಾಲರ್ 2017ರ ಡಿಸೆಂಬರ್‌ನಲ್ಲಿ 10 ಡಾಲರ್ ದಾಟಿತ್ತು. ಬರಹದ ಬೆಲೆ ಬರಹಕ್ಕೆ ಸಂಬಂಧವೇ ಇಲ್ಲದ ಪೇಟೆಯ ಕೈಯಲ್ಲಿತ್ತು. ಲ್ಯಾರಿಮರ್ 2017ರಲ್ಲೇ ಕಂಪನಿ ಬಿಟ್ಟು ಇಒಎಸ್ ಯೋಜನೆಗೆ ಹೋಗಿದ್ದರು. 2018ರ ನವೆಂಬರ್‌ನಲ್ಲಿ ಸ್ಟೀಮಿಟ್ ತನ್ನ ಶೇ 70ರಷ್ಟು ಸಿಬ್ಬಂದಿಯನ್ನು ಕೈಬಿಟ್ಟಿತು.

2020ರ ಫೆಬ್ರವರಿ 14ರಂದು ಟ್ರಾನ್ ಜಾಲದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಕಂಪನಿಯ ಜೊತೆಗೆ, ಅದು ಆರಂಭದ ದಿನಗಳಲ್ಲಿ ತಾನೇ ಗಣಿಗಾರಿಕೆ ಮಾಡಿಟ್ಟುಕೊಂಡಿದ್ದ ಭಾರೀ ಹಿಡುವಳಿಯೂ ಅವರ ವಶವಾಯಿತು. ಒಟ್ಟು ಟೋಕನ್‌ಗಳ ಸುಮಾರು ಐದನೆಯ ಒಂದು ಭಾಗವಿದ್ದ ಅದನ್ನು ಮತಕ್ಕೆ ಬಳಸುವುದಿಲ್ಲ, ಜಾಲದ ಅಭಿವೃದ್ಧಿಗೇ ಮೀಸಲು ಎಂದು ಹಿಂದಿನ ಆಡಳಿತ ಮಾತು ಕೊಟ್ಟಿತ್ತು. ಆ ಮಾತು ತಂತ್ರಾಂಶದಲ್ಲಿ ಬರೆದಿರಲಿಲ್ಲ. ಆತಂಕಗೊಂಡ ವಿಟ್ನೆಸ್‌ಗಳು ಫೆಬ್ರವರಿ 23ರಂದು ತಂತ್ರಾಂಶ ಬದಲಿಸಿ ಆ ಹಿಡುವಳಿಗೆ ತಡೆ ಹಾಕಿದರು. ಮಾರ್ಚ್ 2ರಂದು ಬೈನಾನ್ಸ್, ಹುವೊಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳು ಗ್ರಾಹಕರು ತಮ್ಮಲ್ಲಿ ಇಟ್ಟಿದ್ದ ಸ್ಟೀಮ್ ಬಳಸಿ ಸನ್ ಪರವಾಗಿ ಮತ ಹಾಕಿದವು. ಹಳೆಯ ವಿಟ್ನೆಸ್‌ಗಳು ಕೆಳಗಿಳಿದು ಹೊಸಬರು ಕೂತರು. ಠೇವಣಿದಾರರ ಹಣದಿಂದ ಒಂದು ಜಾಲದ ಆಡಳಿತವನ್ನೇ ಹಿಡಿದ ಈ ಘಟನೆ ಕ್ರಿಪ್ಟೊ ಲೋಕದಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಗ್ರಾಹಕರ ಟೋಕನ್‌ಗಳು ಬೀಗದಲ್ಲಿ ಸಿಕ್ಕಿಬಿದ್ದವು, ಆಮೇಲೆ ಕೇಂದ್ರಗಳು ಮತ ಹಿಂತೆಗೆದವು.

ಹಳೆಯ ಸಮುದಾಯ ಮಾರ್ಚ್ 20ರಂದು ಬ್ಲಾಕ್‌ಚೈನಿನ ಪ್ರತಿಯನ್ನು ತೆಗೆದುಕೊಂಡು ಹೈವ್ ಎಂಬ ಹೊಸ ಜಾಲ ಕಟ್ಟಿತು. ಬರಹಗಳೂ ಹೆಚ್ಚಿನವರ ಹಿಡುವಳಿಯೂ ಅಲ್ಲಿಗೆ ಬಂದವು, ಸ್ಟೀಮಿಟ್ ಕಂಪನಿಯ ಹಿಡುವಳಿಯನ್ನೂ ಸನ್ ಪರ ವಿಟ್ನೆಸ್‌ಗಳಿಗೆ ಮತ ಹಾಕಿದ ಕೆಲವರ ಹಿಡುವಳಿಯನ್ನೂ ಬಿಟ್ಟರು. ಮೇ ತಿಂಗಳಲ್ಲಿ ಸ್ಟೀಮ್‌ನ ಹೊಸ ಆಡಳಿತ ವಿರೋಧಿಗಳ 64 ಖಾತೆಗಳಿಂದ 2.36 ಕೋಟಿ ಸ್ಟೀಮ್ ಮುಟ್ಟುಗೋಲು ಹಾಕಿಕೊಂಡಿತು. ಯಾರೂ ಕಸಿಯಲಾಗದ ಸಂಭಾವನೆ ಎಂಬ ಭರವಸೆ ಎರಡೂ ಕಡೆ ಮುರಿದದ್ದು ಹೀಗೆ. ಹೈವ್ ಮುಂದೆ ಹೊಸದಾಗಿ ಬೀಗ ಹಾಕಿದ ಹಿಡುವಳಿ 30 ದಿನ ಕಳೆಯದೆ ಆಡಳಿತದ ಮತಕ್ಕೆ ಬರುವಂತಿಲ್ಲವೆಂಬ ನಿಯಮ ತಂದಿತು. ಸ್ಪ್ಲಿಂಟರ್‌ಲ್ಯಾಂಡ್ಸ್ ಆಟ, ವ್ಯಾಯಾಮಕ್ಕೆ ಬಹುಮಾನ ಕೊಡುವ ಆಕ್ಟಿಫಿಟ್, ವಿಡಿಯೊ ತಾಣ ತ್ರೀಸ್ಪೀಕ್ ಮುಂತಾದವು ಅಲ್ಲಿ ನೆಲೆಗೊಂಡವು.

ಇತರ ದಾರಿಗಳು

ಜಾವಾಸ್ಕ್ರಿಪ್ಟ್ ರಚಿಸಿದ ಬ್ರೆಂಡನ್ ಐಕ್ ಸ್ಥಾಪಿಸಿದ ಬ್ರೇವ್ ಬ್ರೌಸರ್ 2017ರ ಮೇ 31ರಂದು ಬ್ಯಾಟ್ ಎಂಬ ಟೋಕನ್ ಮಾರಿ ಅರ್ಧ ನಿಮಿಷದೊಳಗೆ ಸುಮಾರು 3.5 ಕೋಟಿ ಡಾಲರ್ ಸಂಗ್ರಹಿಸಿತು. ಬ್ರೌಸರ್ ತೋರಿಸುವ ಜಾಹೀರಾತು ನೋಡಲು ಒಪ್ಪಿದವರಿಗೆ ಅದರ ಆದಾಯದ ಶೇ 70 ಟೋಕನ್ ರೂಪದಲ್ಲಿ ಸಿಗುತ್ತದೆ, ಅದನ್ನು ಅವರು ಮೆಚ್ಚಿನ ಬರಹಗಾರರಿಗೆ ಕೊಡಬಹುದು. ಹೆಸರು ನೋಂದಾಯಿಸದ ಕಲಾವಿದರ ಹೆಸರಿನಲ್ಲೂ ಕಾಣಿಕೆ ಸಂಗ್ರಹವಾಗುತ್ತಿದ್ದುದಕ್ಕೆ 2018ರ ಡಿಸೆಂಬರ್‌ನಲ್ಲಿ ಆಕ್ಷೇಪ ಎದ್ದು, ಆ ಪದ್ಧತಿಯನ್ನು ಬದಲಿಸಬೇಕಾಯಿತು.

ಪತ್ರಿಕೋದ್ಯಮಕ್ಕಾಗಿಯೇ ಹುಟ್ಟಿದ ಸಿವಿಲ್ ಯೋಜನೆ 2018ರಲ್ಲಿ ಕನಿಷ್ಠ 80 ಲಕ್ಷ ಡಾಲರಿನ ಟೋಕನ್ ಮಾರಾಟದ ಗುರಿ ಇಟ್ಟು ಸೋತು, ಹಣ ಹಿಂದಿರುಗಿಸಿತು. 2020ರಲ್ಲಿ ಮುಚ್ಚಿತು. ರೆಡಿಟ್ 2020ರಲ್ಲಿ ಕೆಲವು ಸಮುದಾಯಗಳಿಗೆ ಟೋಕನ್ ಹಂಚಲಾರಂಭಿಸಿ 2023ರಲ್ಲಿ ನಿಲ್ಲಿಸಿತು. ಕಲಾವಿದರು ತಮ್ಮ ಹೆಸರಿನಲ್ಲೇ ನಾಣ್ಯ ಹೊರಡಿಸಬಹುದೆಂದು ಹೇಳಿದ ರ‍್ಯಾಲಿ ಕೂಡ 2023ರ ಆರಂಭದಲ್ಲಿ ಬಾಗಿಲು ಹಾಕಿತು.

ಎನ್‌ಎಫ್‌ಟಿಗಳ ದಾರಿ ಬೇರೆ. ಇಲ್ಲಿ ಕೃತಿಗೊಂದು ವಿಶಿಷ್ಟ ಟೋಕನ್ ಕಟ್ಟಿ ಅದನ್ನೇ ಮಾರಲಾಗುತ್ತದೆ. ಬೀಪಲ್ ಎಂಬ ಹೆಸರಿನ ಅಮೆರಿಕನ್ ಕಲಾವಿದನ ಒಂದು ಡಿಜಿಟಲ್ ಕೊಲಾಜ್ 2021ರ ಮಾರ್ಚ್ 11ರಂದು ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಹೋದ ಮೇಲೆ ಜಗತ್ತೇ ಅತ್ತ ತಿರುಗಿತು. ಕಲಾವಿದರನ್ನು ನಿಜವಾಗಿ ಸೆಳೆದದ್ದು ಮರುಮಾರಾಟದ ರಾಯಧನ. ಕೃತಿ ಕೈಬದಲಾದಾಗಲೆಲ್ಲ ಶೇ 5 ಅಥವಾ 10ರಷ್ಟು ಮೂಲ ಕಲಾವಿದನಿಗೆ ಬರುತ್ತದೆಂದು ಮಾತಿತ್ತು. ಆದರೆ ಟೋಕನ್‌ನ ಸಾಮಾನ್ಯ ನಿಯಮಾವಳಿಯಲ್ಲಿ ಈ ರಾಯಧನ ಕಡ್ಡಾಯವಿರಲಿಲ್ಲ, ಮಾರುಕಟ್ಟೆಗಳು ಒಪ್ಪಿ ನಡೆಸುತ್ತಿದ್ದ ರೂಢಿಯಾಗಿತ್ತು ಅಷ್ಟೆ. 2022ರಲ್ಲಿ ಬಂದ ಬ್ಲರ್ ಎಂಬ ಮಾರುಕಟ್ಟೆ ವ್ಯಾಪಾರಿಗಳನ್ನು ಸೆಳೆಯಲು ಅದನ್ನು ಸಡಿಲಿಸಿತು. ಪೈಪೋಟಿಗೆ ಬಿದ್ದ ಓಪನ್‌ಸೀ ಮಾರುಕಟ್ಟೆ 2023ರ ಆಗಸ್ಟ್‌ನಲ್ಲಿ ರಾಯಧನದ ಕಡ್ಡಾಯವನ್ನು ಕೈಬಿಟ್ಟಿತು. ಸ್ವಂತಿಕೆಯ ಪ್ರಶ್ನೆಯೂ ಇಲ್ಲಿ ಮರುಕಳಿಸಿತು. ತನ್ನ ಉಚಿತ ಸಾಧನದಿಂದ ಸೃಷ್ಟಿಯಾದ ಎನ್‌ಎಫ್‌ಟಿಗಳಲ್ಲಿ ಶೇ 80ಕ್ಕೂ ಹೆಚ್ಚು ಕದ್ದ ಕೃತಿಗಳು, ನಕಲಿ ಸಂಗ್ರಹಗಳು ಇಲ್ಲವೇ ಕಸವೆಂದು ಓಪನ್‌ಸೀ ತಾನೇ 2022ರ ಜನವರಿಯಲ್ಲಿ ಹೇಳಿತು.

ಸದ್ದಿಲ್ಲದೆ ಬೆಳೆದದ್ದು ಬಿಟ್‌ಕಾಯಿನ್ನಿನ ಲೈಟ್ನಿಂಗ್ ಜಾಲದ ಕಿರುಪಾವತಿ. ಒಂದು ಬಿಟ್‌ಕಾಯಿನ್ನಿಗೆ 10 ಕೋಟಿ ಸಟೋಶಿ. ಲೈಟ್ನಿಂಗ್ ಮೂಲಕ ಕೆಲವೇ ಸಟೋಶಿಗಳನ್ನೂ ಕ್ಷಣದಲ್ಲಿ, ಅತ್ಯಲ್ಪ ಶುಲ್ಕಕ್ಕೆ ಕಳಿಸಬಹುದು. ಪಾಡ್‌ಕಾಸ್ಟ್ ಕೇಳುತ್ತಿರುವಷ್ಟು ಹೊತ್ತೂ ನಿಮಿಷಕ್ಕಿಷ್ಟೆಂದು ಹಣ ಹರಿಸುವ ಪದ್ಧತಿಯನ್ನು ಆಡಮ್ ಕರಿ ಮತ್ತು ಸಂಗಡಿಗರು 2020ರಿಂದ ಬೆಳೆಸಿದರು. ನಾಸ್ಟರ್ ಎಂಬ ಸಾಮಾಜಿಕ ಜಾಲದಲ್ಲಿ ಒಂದು ಟಿಪ್ಪಣಿ ಮೆಚ್ಚಿದವರು ಜ್ಯಾಪ್ ಎಂಬ ಗುಂಡಿ ಒತ್ತಿ ಸಟೋಶಿ ಕಳಿಸುತ್ತಾರೆ. 2023ರ ಜೂನ್‌ನಲ್ಲಿ ಆಪಲ್ ಆಕ್ಷೇಪಿಸಿದ್ದರಿಂದ ಡಾಮಸ್ ಎಂಬ ಐಫೋನ್ ಆ್ಯಪ್ ಪ್ರತಿ ಟಿಪ್ಪಣಿಯ ಕೆಳಗಿನ ಗುಂಡಿಯನ್ನು ತೆಗೆಯಬೇಕಾಯಿತು. ಇಲ್ಲಿ ಮೊತ್ತಗಳು ಚಿಕ್ಕವು, ಬರಹದಿಂದಲೇ ಬದುಕುವಷ್ಟು ಗಳಿಸಿದವರು ವಿರಳ. ಆದರೆ ಕೊಡುವವನು ಓದಿಯೋ ಕೇಳಿಯೋ ತನ್ನ ಸ್ವಂತ ಹಣ ಕೊಡುತ್ತಾನೆ, ಮತದ ವ್ಯಾಪಾರಕ್ಕೆ ಅವಕಾಶವೇ ಇಲ್ಲ. ಫ್ಲಾಟರ್ ಕಾಲದ ಕಾಣಿಕೆಗೆ ಹಿಂದಿರುಗಿದಂತೆ ಕಂಡರೂ, ಈವರೆಗಿನ ಪ್ರಯೋಗಗಳಲ್ಲಿ ಕೃತಿಗೂ ಹಣಕ್ಕೂ ನಂಟು ಅತ್ಯಂತ ಗಟ್ಟಿಯಾಗಿರುವುದು ಇಲ್ಲಿಯೇ.

ಕಾನೂನು

ವಿಡಿಯೊ ಪ್ರಕಟಿಸುವವರಿಗೆ ಟೋಕನ್ ಕೊಡುತ್ತಿದ್ದ ಎಲ್‌ಬಿಆರ್‌ವೈ ಕಂಪನಿಯ ಮೇಲೆ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ 2021ರ ಮಾರ್ಚ್‌ನಲ್ಲಿ ದಾವೆ ಹೂಡಿತು. ಆ ಟೋಕನ್ ಮಾರಾಟ ನೋಂದಾಯಿಸದ ಷೇರುಪತ್ರ ಮಾರಾಟಕ್ಕೆ ಸಮವೆಂದು ನ್ಯೂ ಹ್ಯಾಂಪ್‌ಶೈರ್‌ನ ಫೆಡರಲ್ ನ್ಯಾಯಾಲಯ 2022ರ ನವೆಂಬರ್ 7ರಂದು ತೀರ್ಪಿತ್ತಿತು. ಮರುವರ್ಷ ಕಂಪನಿ ಮುಚ್ಚಿತು. ಅದರ ವಿಡಿಯೊ ತಾಣ ಒಡಿಸಿ ಬೇರೆಯಾಗಿ ಉಳಿಯಿತು.

ಭಾರತದಲ್ಲಿ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ನಿಲ್ಲಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಬಜೆಟ್ ಇಂಥ ಟೋಕನ್‌ಗಳನ್ನು ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಗುರುತಿಸಿ, ವರ್ಗಾವಣೆಯ ಲಾಭಕ್ಕೆ ಶೇ 30 ತೆರಿಗೆಯನ್ನೂ, ಜುಲೈ 1ರಿಂದ ವರ್ಗಾವಣೆಯ ಮೇಲೆ ಮೂಲದಲ್ಲೇ ಶೇ 1 ತೆರಿಗೆ ಕಡಿತವನ್ನೂ ವಿಧಿಸಿತು. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ, ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಸಟ್ಟಾ ವ್ಯಾಪಾರವನ್ನು ತಡೆಯಲು ಸೂಕ್ತವಾದ ಈ ನಿಯಮಗಳು, ಹತ್ತಿಪ್ಪತ್ತು ರೂಪಾಯಿಯ ನೂರಾರು ಕಾಣಿಕೆ ಪಡೆಯುವ ಬರಹಗಾರನಿಗೆ ಲೆಕ್ಕ ಇಡುವ ದೊಡ್ಡ ಹೊರೆಯಾಗುತ್ತವೆ.

ಸಣ್ಣ ಭಾಷೆಗಳ ಪ್ರಶ್ನೆ

ಹಿಡುವಳಿಯ ಮತದಿಂದ ನಡೆಯುವ ಜಾಲದಲ್ಲಿ ಭಾಷೆ ನಿರ್ಣಾಯಕ. ಓದಲಾಗದ ಬರಹಕ್ಕೆ ದೊಡ್ಡ ಹಿಡುವಳಿದಾರ ಮತ ಹಾಕುವುದಿಲ್ಲ, ಹಾಕಿದರೂ ಅದು ಓದಿನ ಮೆಚ್ಚುಗೆಯಲ್ಲ. ಸ್ಟೀಮ್‌ನಲ್ಲಿ ಕೊರಿಯನ್ ಬರಹಗಾರರ ಸಮುದಾಯ ಗಟ್ಟಿಯಾಗಿ ಬೆಳೆದದ್ದು ಆ ಭಾಷೆಯವರಲ್ಲೇ ದೊಡ್ಡ ಹಿಡುವಳಿ ಇದ್ದುದರಿಂದ. ಕನ್ನಡದಂಥ ಭಾಷೆಗೆ ಆ ಬಲ ಇರಲಿಲ್ಲ. ಯುನೊಕಾಯಿನ್, ಕಾಯಿನ್‌ಸ್ವಿಚ್‌ನಂಥ ವಿನಿಮಯ ಸಂಸ್ಥೆಗಳು ಬೆಂಗಳೂರಿನಲ್ಲೇ ಬೆಳೆದರೂ ಅವುಗಳ ವ್ಯವಹಾರ ಟೋಕನ್ ಕೊಳ್ಳುವ, ಮಾರುವ ಕಡೆಗಿತ್ತೇ ಹೊರತು ಬರಹದ ಕಡೆಗಲ್ಲ.

ಕಿರುಪಾವತಿಯ ಮಾತಿಗೆ ಬಂದರೆ ಭಾರತದ ಒಳಗೆ ಕ್ರಿಪ್ಟೊದ ಅಗತ್ಯ ಬಹಳ ಕಡಿಮೆ. ಸ್ಟೀಮ್ ಶುರುವಾದ ಮರುತಿಂಗಳೇ, 2016ರ ಏಪ್ರಿಲ್‌ನಲ್ಲಿ, ಯುಪಿಐ ಚಾಲನೆಗೊಂಡಿತು. 2020ರ ಜನವರಿಯಿಂದ ಅದರ ಪಾವತಿಗೆ ವ್ಯಾಪಾರಿ ಶುಲ್ಕವಿಲ್ಲ. ಮೆಚ್ಚಿದ ಕಥೆಗೆ ಐದು ರೂಪಾಯಿ ಕಳಿಸುವುದು ಹಾವೇರಿಯ ಓದುಗನಿಗೂ ಕಷ್ಟವಲ್ಲ. ಕೊರತೆ ಇರುವುದು ಗಡಿಯಾಚೆ. 2023ರಿಂದ ಕೆಲವು ದೇಶಗಳ ಅನಿವಾಸಿಗಳು ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯ ಮೂಲಕ ಯುಪಿಐ ಬಳಸಬಹುದು. ಭಾರತದಲ್ಲಿ ಖಾತೆಯೇ ಇಲ್ಲದ, ಹೊರದೇಶದಲ್ಲೇ ಹುಟ್ಟಿ ಬೆಳೆದ ಕನ್ನಡಿಗರಿಗೆ ಆ ದಾರಿಯಿಲ್ಲ. ಅಂಥ ಕೇಳುಗರೊಬ್ಬರು ಒಂದು ಕನ್ನಡ ಪಾಡ್‌ಕಾಸ್ಟಿಗೆ ಕಾಲು ಡಾಲರ್ ಕೊಡಬೇಕೆಂದರೆ ಲೈಟ್ನಿಂಗ್ ಇವತ್ತಿಗೂ ಅತ್ಯಂತ ಅಗ್ಗದ ದಾರಿಗಳಲ್ಲೊಂದು. ಪಡೆದವರು ಅದನ್ನು ರೂಪಾಯಿ ಮಾಡಿಕೊಳ್ಳುವಾಗ ಮಾತ್ರ 2022ರ ತೆರಿಗೆ ನಿಯಮಗಳನ್ನು ದಾಟಿಯೇ ಹೋಗಬೇಕು.